ಮುರುಗೇಶನ ಕೀರಲು ದನಿ, ನಾಟಿಕೋಳಿ ಸಾರು

ಮಾವಳ್ಳಿಯ ನಮ್ಮ ಬೀದಿಯಲ್ಲಿ ಮುರುಗೇಶನನ್ನು ಕಂಡರೆ ಹೆಂಗಸರು ಅನ್ನುತ್ತಿದ್ದುದು ಒಂದೇ ಮಾತು: "ಆನೆ ಹೊಟ್ಟೇಲಿ ಸೊಳ್ಳೆ ಸಂಸಾರ ಹೂಡೈತೆ ಕಣೇ!" ಆಳು ಬಾಗಿಲ ತುಂಬ, ದನಿ ಮಾತ್ರ ಕೀಂಯ್ ಕೀಂಯ್. ಪಾಪ, ಅವರಿಗೇನು ಗೊತ್ತು? ನಸುಕಿನಲ್ಲೇ ಎದ್ದು ಕಲಾಸಿಪಾಳ್ಯದ ಮಾರ್ಕೆಟ್ಟಿನಲ್ಲಿ ತರಕಾರಿ ಹರಾಜು ಕೂಗುವವನು ಅವನು. ಮನೆಗೆ ಬರುವ ಹೊತ್ತಿಗೆ ಗಂಟಲು ಖಾಲಿ.

ಅವನಿಗೆ ನಾಟಿಕೋಳಿ ಸಾರೆಂದರೆ ಪ್ರಾಣ. ಹೆಂಡತಿ ಧನಲಕ್ಷ್ಮಿಗೆ ಅವನ ಮಂಡಿನೋವಿನ ಚಿಂತೆ. ಎಳೆದುಕೊಂಡು ಹೋದಳು ಕುಮಾರ ಪಾರ್ಕಿಗೆ, ಕೊರಿಯಾದ ನಾಡವೈದ್ಯ ಕಲಿತು ಬಂದಿದ್ದ ತೇಜಶ್ರೀ ಡಾಕ್ಟರ ಹತ್ತಿರ.

"ನಮ್ಮ ವೈದ್ಯದಲ್ಲಿ ದೇಹ ನಾಲ್ಕು ಥರ. ಮೈಕಟ್ಟು, ದನಿ ಎಲ್ಲಾ ನೋಡ್ತೀವಿ," ಎಂದರು ಡಾಕ್ಟರು. "ದೊಡ್ಡ ಮೈ, ದಪ್ಪ ದನಿಯವ್ರಿಗೆ ಕೋಳಿ ಆಗಿಬರಲ್ಲ. ಸಣ್ಣ ಮೈ, ಮೆಲು ದನಿಯವ್ರಿಗೆ ಒಳ್ಳೇದು. ನಿಮ್ಮ ಮೈ ಒಂದು ಹೇಳುತ್ತೆ, ದನಿ ಇನ್ನೊಂದು."

"ದನೀನೇ ನಂಬಿ ಮೇಡಂ," ಎಂದ ಮುರುಗೇಶ, ಇನ್ನಷ್ಟು ಕೀರಲಾಗಿ. "ಮೈ ಬರೀ ಗಾಳಿ."

"ಗಾಳಿಯಂತೆ! ಮಂಚ ಮುರಿದಿದ್ದು ಗಾಳಿಗಾ?" ಎಂದಳು ಧನಲಕ್ಷ್ಮಿ. "ಮೇಡಂ, ರಜಾ ದಿನ ಕರ್ಕೊಂಡ್ ಬರ್ತೀನಿ. ಆಗ ಕೇಳಿ ಇವ್ರ ಗಂಟಲು."

ರಜೆ ಬಂತು. ಗಂಟಲು ಕೆಡದಿದ್ದರೆ ಕೋಳಿ ಸಾರು ಕೈತಪ್ಪುತ್ತದೆ. ಮುರುಗೇಶ ಬೆಳಿಗ್ಗೆಯೇ ಮೆಜೆಸ್ಟಿಕ್ಕಿಗೆ ಓಡಿ, ಯಾರದೋ ಬಸ್ಸಿನ ಪಕ್ಕ ನಿಂತು "ತುಮಕೂರ್, ತುಮಕೂರ್!" ಎಂದು ಕೂಗತೊಡಗಿದ. ಬಸ್ಸು ತುಂಬಿತು. ಕಂಡಕ್ಟರಿಗೆ ಖುಷಿಯೋ ಖುಷಿ.

"ಏನ್ ಗಂಟಲು ಗುರು ನಿಂದು! ತಗೋ, ಶುಂಠಿ ಕಷಾಯ. ಕುಡಿಲೇಬೇಕು."

ದಾಕ್ಷಿಣ್ಯಕ್ಕೆ ಕುಡಿದ. ಗಂಟಲು ಸರಿಹೋಯಿತು, ಅಲ್ಲೇ ಕೆಟ್ಟಿತು ಕೆಲಸ. ಡಾಕ್ಟರ ಮುಂದೆ "ನಮಸ್ಕಾರ ಮೇಡಂ" ಅಂದದ್ದೇ ತಡ, ಕಿಟಕಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು.

"ದೊಡ್ಡ ಮೈನೇ. ಕೋಳಿ ಬೇಡ," ಎಂದರು ಡಾಕ್ಟರು, ನಗು ನುಂಗಿಕೊಂಡು.

ಅವತ್ತೇ ಧನಲಕ್ಷ್ಮಿ ದೇವರ ಗೂಡಿನ ಮುಂದೆ ಕರ್ಪೂರ ಹಚ್ಚಿದಳು: "ಈ ಮನೇಲಿ ಇನ್ಮೇಲೆ ಕೋಳಿ ಬೇಯಲ್ಲ, ನಿನ್ನಾಣೆ."

ದೇವರ ಆಣೆ, ಮೀರುವಂತಿಲ್ಲ. ಕಾರ್ತೀಕ ಹೋಗಿ ಸಂಕ್ರಾಂತಿ ಬರುವ ತನಕ ಮುರುಗೇಶ ಸೊಪ್ಪಿನ ಸಾರುಂಡು ಕೊರಗಿದ. ಆಮೇಲೆ ಒಂದು ದಿನ ಚಾಮರಾಜಪೇಟೆಯಲ್ಲಿ ಬಾಡಿಗೆ ಮನೆ ಗೊತ್ತುಮಾಡಿ ಬಂದ.

"ಯಾಕ್ರೀ, ಈ ಮನೆಗೇನಾಗಿದೆ?" ಎಂದಳು ಹೆಂಡತಿ.

"ಆಣೆ ಇಟ್ಟಿದ್ದು ಈ ಮನೆಗೆ ತಾನೆ ಧನಾ? ಆ ಮನೆಗಲ್ವಲ್ಲ."

ಧನಲಕ್ಷ್ಮಿ ಬೈಯಲು ಬಾಯಿ ತೆರೆದಳು, ಬಂದದ್ದು ನಗು. "ಭಾನುವಾರ ಮಾತ್ರ. ಅದೂ ಎರಡೇ ತುಂಡು."

ಸಾಮಾನಿನ ಗಾಡಿ ಬಂತು. ಮುರುಗೇಶ ಬೀರು ಮುಟ್ಟಲಿಲ್ಲ, ಹಾಸಿಗೆ ಮುಟ್ಟಲಿಲ್ಲ. ಗ್ಯಾಸ್ ಒಲೆಯನ್ನು ಎದೆಗವಚಿಕೊಂಡು, ತಿರುಗಿ ನೋಡದೆ ಹೊಸಿಲು ದಾಟಿಯೇಬಿಟ್ಟ.