ದೊಡ್ಡ ನಂಬರ್ ಯಾವುದು?

ಭಾಂಡುಪ್‌ನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ಪ್ರೋಗ್ರಾಂ ನೋಡಿಕೊಳ್ಳುವುದು ನನ್ನ ಕೆಲಸ. ಅವತ್ತು ಕೌಂಟರಿನವಳು ನನ್ನನ್ನು ಕರೆದದ್ದು ಕಂಪ್ಯೂಟರಿಗಲ್ಲ, ಕನ್ನಡಕ್ಕೆ. ಎದುರಿಗೆ ವಿಜಯಪುರದ ಕಡೆಯ ಹೆಂಗಸು, ಕಟ್ಟಡದ ಕೂಲಿಯವಳು, ರಿಪೋರ್ಟ್ ಹಿಡಿದು ನಿಂತಿದ್ದಳು.

"ಯಪ್ಪಾ, ಇವ್ರಿಗಿ ನೀವಾರ ಹೇಳ್ರಿ. ಬುಟ್ಟಿ ಎತ್ತಿದ್ರ ಕಣ್ಣಿಗಿ ಕತ್ತಲಿ ಬರ್ತೈತಿ. ರಕ್ತ ಚಲೋ ಐತಿ ಅಂತ ಕಾಗದ ಕೊಟ್ಟಾರ. ಸೋಗು ಮಾಡ್ತಿ ಅಂತ ಕೆಲಸ ಮಾಡ್ಸೋ ಮುಕಾದಮ ಬೈತಾನ."

"ಸಬ್ ನಾರ್ಮಲ್ ಹೈ, ಸರ್. ಸಮಝಾವೋ ಇನಕೋ," ಎಲ್ಲ ಸರಿಯಿದೆ, ಈಕೆಗೆ ತಿಳಿಸಿ ಹೇಳಿ ಎಂದಳು ಕೌಂಟರಿನವಳು.

ಕಾಗದ ನೋಡಿದೆ. ಮೇಲಿದ್ದದ್ದು ಯಾರೋ ಗಂಡಸಿನ ಹೆಸರು! ಈಕೆಗೆ ಓದಲು ಬರುವುದಿಲ್ಲ. ಓದು ಬಲ್ಲ ನಮ್ಮವರು ರಸೀದಿಯ ನಂಬರನ್ನಷ್ಟೇ ಓದಿ ಕೈತೊಳೆದುಕೊಂಡಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಒಳಗೆ ಹೋಗಿ ಹುಡುಕಿದೆ. ಈಕೆಯ ಹೆಸರೂ ಆ ಗಂಡಸಿನ ಹೆಸರೂ ಎರಡು ಕೌಂಟರುಗಳಲ್ಲಿ ಒಂದೇ ಕ್ಷಣಕ್ಕೆ ದಾಖಲಾಗಿದ್ದವು. ಹೆಸರು ಸೇರಿದ ಕೂಡಲೇ ಡೇಟಾಬೇಸ್ ತಾನೇ ಅದಕ್ಕೊಂದು ನಂಬರ್ ಹಾಕುತ್ತದೆ. ಈ ಹೆಸರಿಗೆ ಕೊಟ್ಟದ್ದು ಯಾವುದು ಎಂದು ಪ್ರೋಗ್ರಾಂ ಆಗಲೇ ಕೇಳಿ ಪಡೆಯಬಹುದು. ನಮ್ಮ ಪ್ರೋಗ್ರಾಂ ಅದನ್ನು ಕೇಳುತ್ತಿರಲಿಲ್ಲ. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ನಂಬರ್ ಯಾವುದು ಎಂದು ಕೇಳುತ್ತಿತ್ತು. ಗುಡಿಯ ಮುಂದೆ ಚಪ್ಪಲಿ ಬಿಟ್ಟು, ನಮ್ಮ ಬಿಲ್ಲೆ ತೆಗೆದುಕೊಳ್ಳದೆ, ಕೊನೆಯ ಬಿಲ್ಲೆ ಯಾವುದಪ್ಪಾ ಎಂದು ಕೇಳಿದ ಹಾಗೆ. ನಡುವೆ ಇನ್ನೊಬ್ಬ ಬಂದು ಚಪ್ಪಲಿ ಬಿಟ್ಟರೆ ಮುಗಿಯಿತು, ಅವನ ನಂಬರೇ ನಮ್ಮದಾಗುತ್ತದೆ. ಇಬ್ಬರ ರಸೀದಿಗೂ ರಕ್ತದ ಟ್ಯೂಬಿಗೂ ಆ ಗಂಡಸಿನ ನಂಬರೇ ಅಂಟಿತ್ತು. ಒಂದೇ ನಂಬರಿನ ಎರಡು ಟ್ಯೂಬ್ ಬಂದಿವೆ ಎಂದು ಲ್ಯಾಬಿನವರು ಆಮೇಲೆ ಬಂದದ್ದನ್ನು ಚೆಲ್ಲಿದ್ದರು. ಅದು ಈಕೆಯದು.

ಫೋರ್ಟ್‌ನಲ್ಲಿರುವ ನಮ್ಮ ಮುಖ್ಯ ಆಫೀಸಿನ ಸಾಹೇಬರಿಗೆ ಫೋನ್ ಮಾಡಿದೆ. "ಏಕ್ ಹೀ ಕೇಸ್ ಹೈ ನಾ? ಚಾಲೂ ಸಿಸ್ಟಮ್ ಕೋ ಹಾಥ್ ಮತ್ ಲಗಾವೋ," ಎಂದರು.

ಒಂದೇ ಕೇಸಂತೆ, ನಡೆಯುತ್ತಿರುವುದನ್ನು ಮುಟ್ಟಬಾರದಂತೆ! ಇವರ ಮನೆಯವರ ರಕ್ತವಾಗಿದ್ದರೆ ಹೀಗೆ ಮಾತಾಡುತ್ತಿದ್ದರೇ? ಫೋನ್ ಕುಕ್ಕಿ, ಯಾವ ಅಡ್ಡಕಸುಬಿ ಇದನ್ನು ಬರೆದವನು ಎಂದು ಬೈಯುತ್ತಲೇ ಪ್ರೋಗ್ರಾಂ ತೆರೆದೆ. ಆ ಸಾಲಿನ ಮೇಲೆ ಒಂದು ಟಿಪ್ಪಣಿಯಿತ್ತು: 'ಎರಡನೇ ಕೌಂಟರ್ ಬಂದರೆ ತಪ್ಪಾಗುತ್ತದೆ. ಆಮೇಲೆ ಸರಿಮಾಡಬೇಕು.' ಕೆಳಗೆ ನನ್ನ ಹೆಸರು.

ಎರಡನೇ ಕೌಂಟರ್ ಶುರುವಾದ ದಿನ ಹಂಚಿದ ಪೇಡೆಯನ್ನು ನಾನೂ ತಿಂದಿದ್ದೆ.

ಸರಿಮಾಡಲು ಹತ್ತು ನಿಮಿಷ ಸಾಕಾಯಿತು. ಆಕೆಯ ರಕ್ತವನ್ನು ಮತ್ತೆ ತೆಗೆಸಿ, ಟ್ಯೂಬಿನ ಪಕ್ಕದಲ್ಲೇ ನಿಂತು ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಇರಬೇಕಾದದ್ದರ ಅರ್ಧವೂ ಇರಲಿಲ್ಲ. ಈಗಲೇ ಆಸ್ಪತ್ರೆಗೆ ಸೇರಿಸಿ ಎಂದು ಲ್ಯಾಬಿನ ಡಾಕ್ಟರು ಚೀಟಿ ಬರೆದರು.

ಹೊರಡುವಾಗ ಆಕೆ ನನ್ನ ಕೈ ಹಿಡಿದುಕೊಂಡಳು. "ಇಷ್ಟ ಮಂದ್ಯಾಗ ನೀವೊಬ್ರ ನನ್ನ ಮಾತ ನಂಬಿದ್ರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ, ಯಪ್ಪಾ."

ತಪ್ಪು ನನ್ನದೇ ಎಂದು ಹೇಳಲು ಬಾಯಿ ತೆರೆದೆ. "ಹೋಗಿ ಬರ್ರಿ, ಅವ್ವಾ," ಎಂದಷ್ಟೇ ಬಂತು. ಸಾಹೇಬರ ಮೇಲಿನ ಸಿಟ್ಟು ವಾರದಲ್ಲಿ ಇಳಿಯಿತು. ತಪ್ಪು ನನ್ನದೆನ್ನುವ ಮಾತು ನುಂಗಿದವನ ಮೇಲಿನದು ಇಂದಿಗೂ ಇಳಿದಿಲ್ಲ.