ಘೂಸ ತಿಂದ ಕೇಬಲ್

ನಮ್ಮ ವೈನಿಯ ಬೆರಳ ತುದಿಗಳು ಯಾವಾಗಲೂ ಜಿಡ್ಡು. ಸಾಬೂನು ಹಚ್ಚಿದರೂ ಅಷ್ಟೇ, ಕಡಲೆಹಿಟ್ಟು ಹಚ್ಚಿದರೂ ಅಷ್ಟೇ. ಅದು ಅಡುಗೆಮನೆಯ ಜಿಡ್ಡಲ್ಲ, ಕೇಬಲ್ಲಿನ ಹೊಟ್ಟೆಯೊಳಗಿನ ಜೆಲ್ಲಿ. ಸ್ಟೀಲ್ ಲೋಟದ ಮೇಲೆ, ದೀಪದ ಸ್ವಿಚ್ಚಿನ ಮೇಲೆ, ನಾನು ಓದುತ್ತಿದ್ದ ಬಿ.ಎಡ್. ಪುಸ್ತಕದ ಅಂಚಿನಲ್ಲಿ, ಎಲ್ಲೆಲ್ಲೂ ಅವಳ ಹೆಬ್ಬೆರಳ ಗುರುತು. "ಈಕಿ ಕಳವು ಮಾಡಿದ್ರ ಹಿಡಿಲಿಕ್ಕ ಪೊಲೀಸ್ರು ಬ್ಯಾಡ, ನಾನೇ ಸಾಕು," ಎನ್ನುತ್ತಿದ್ದಳು ಅವ್ವ, ಲೋಟ ಮತ್ತೆ ತಿಕ್ಕುತ್ತ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅವಳ ತವರು ನಿಲಂಗಾದ ಬಟ್ಟೆ ಅಂಗಡಿಯವರ ಮನೆ. ನಮ್ಮದು ಉಮರ್ಗಾ, ಕಾಳುಕಡಿ ವ್ಯಾಪಾರ. ವೈನಿ ಉದಗೀರಿನಲ್ಲಿ ಡಿಪ್ಲೊಮಾ ಓದಿದ್ದಳು. ಹಳ್ಳಿ ಪಂಚಾಯಿತಿಗಳಿಗೆ ಇಂಟರ್ನೆಟ್ ಕೇಬಲ್ ಹಾಸುವ ಒಂದು ಏಜೆನ್ಸಿಯಲ್ಲಿ ತಪಾಸಣೆಯ ಕೆಲಸ. ಕೇಬಲ್ ನೆಲಕ್ಕಿಳಿಯುವ ಮೊದಲು ನೋಡಬೇಕು, ಇಳಿದ ಮೇಲೆ ಬೆಳಕು ಸರಿಯಾಗಿ ಹರಿಯುತ್ತದೆಯೇ ಅಂತ ನೋಡಬೇಕು. ಮದುವೆಯಾದ ಹೊಸತರಲ್ಲಿ ನಾನು 'ರೀ' ಹಚ್ಚಿ ಮಾತಾಡಿಸಿದರೆ, "ರೀ ಅನ್ನೂದ್ರಾಗ ಅರ್ಧಾ ದಿನ ಹೋಗ್ತದ, ನೀ ಅನ್ನು," ಎಂದಳು. ಅವ್ವ ಗದರಿದಳು, ನಾವು ಕೇಳಲಿಲ್ಲ.

ಅವಳಿಗೆ ಕೂಡುವುದೇ ಗೊತ್ತಿರಲಿಲ್ಲ. ರೊಟ್ಟಿಯನ್ನು ಕೈಯಲ್ಲಿ ಹಿಡಿದು ಅಂಗಳದಲ್ಲಿ ಅಡ್ಡಾಡುತ್ತ ತಿನ್ನುತ್ತಿದ್ದಳು. ಫೋನ್ ಬಂದರೆ ಮಾಳಿಗೆಗೆ ಹತ್ತಿ ಇಳಿದು, ಮಾತು ಮುಗಿಯುವಷ್ಟರಲ್ಲಿ ಓಣಿಯ ಕೊನೆಯಲ್ಲಿರುತ್ತಿದ್ದಳು. ಪೂಜೆಗೂ ಒಂದೇ ಕಾಲು ಮಡಚುತ್ತಿದ್ದಳು, ಇನ್ನೊಂದು ಏಳಲು ತಯಾರಾಗಿರುತ್ತಿತ್ತು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಅಂಗೈಯಲ್ಲಿ ಲಿಂಗವಿಟ್ಟು ಕೂಡಿಸಿಯೇ ಮಣ್ಣು ಮಾಡುತ್ತೇವೆ. ಹೋದ ವರ್ಷ ಜ್ವರದಲ್ಲಿ ವೈನಿ ಹೋದಾಗ ಅವಳು ಎರಡೂ ಕಾಲು ಮಡಚಿ ನೆಟ್ಟಗೆ ಕೂತಿದ್ದನ್ನು ನಾನು ಮೊದಲ ಸಲ ನೋಡಿದೆ. ಮಣ್ಣು ಹಾಕಬೇಡಿರಿ, ಈಗ ಏಳುತ್ತಾಳೆ ಎಂದು ಕೂಗಬೇಕೆನಿಸಿತು. ಈಗಲೂ ನನಗೆ ಅವಳ ಮೇಲೆ ಸಿಟ್ಟಿದೆ, ಅಷ್ಟು ಅವಸರ ಏನಿತ್ತು ಅಂತ.

ಒಂದು ಮಧ್ಯಾಹ್ನ ಕೇಬಲ್ಲಿನ ಗೇಣುದ್ದದ ತುಂಡು ತಂದು, ಅವ್ವ ಬದನೆಕಾಯಿ ಹೆಚ್ಚುತ್ತಿದ್ದ ಈಳಿಗೆಯ ಮೇಲೆಯೇ ಸೀಳತೊಡಗಿದಳು. ಅವ್ವ ಹಣೆ ಹಣೆ ಬಡಿದುಕೊಂಡಳು. ಕರಿಯ ಪ್ಲಾಸ್ಟಿಕ್ಕಿನ ಹೊರ ತೊಗಲು ಬಂತು. ಅದರ ಒಳಗೆ ಸಣ್ಣ ಸಣ್ಣ ನಿರಿಗೆಯ ಸ್ಟೀಲ್ ಪಟ್ಟಿ. ಅದನ್ನು ಬಿಚ್ಚಿದರೆ ಹಳದಿ ನಾರು, ನೀರು ತಾಗಿದರೆ ಉಬ್ಬಿ ದಾರಿ ಕಟ್ಟುವ ಒಂದು ಬಿಳಿ ಪಟ್ಟಿ. ನಟ್ಟನಡುವೆ ಒಂದು ಗಟ್ಟಿ ಕಡ್ಡಿ, ಅದನ್ನು ಸುತ್ತಿಕೊಂಡ ಬಣ್ಣಬಣ್ಣದ ನಳಿಗೆಗಳು. ಒಂದು ನಳಿಗೆಯನ್ನು ಉಗುರಿನಿಂದ ಮುರಿದು, ಜೆಲ್ಲಿಯೊಳಗಿಂದ ಕೂದಲಿನಂಥ ಗಾಜಿನ ಎಳೆ ಎತ್ತಿ ಹಿಡಿದಳು.

"ಇಷ್ಟರ ಸಲುವಾಗಿ ಅಷ್ಟೆಲ್ಲಾ ಏನ?" ಎಂದಳು ಅವ್ವ.

"ಹೌದ್ರೀ ಅತ್ತಿ. ನಿಮ್ಮ ಲಿಂಗಕ್ಕ ಕರೀ ಕಂಥಿ ಲೇಪ, ಕಂಥಿಗಿ ಅರಿವಿ, ಅರಿವಿಗಿ ಬೆಳ್ಳಿ ಕರಡಗಿ ಇಲ್ಲೇನು?"

ಅವ್ವನ ಕೈ ತಾನಾಗಿಯೇ ಕೊರಳ ಕರಡಿಗೆಯ ಮೇಲೆ ಹೋಯಿತು. ಆಮೇಲೆ ಅವಳೂ ಬಗ್ಗಿ ನೋಡಿದಳು. ವೈನಿ ಹುರುಪಿನಿಂದ ಹೇಳುತ್ತಲೇ ಹೋದಳು: ನಳಿಗೆಗಿಂತ ಒಳಗಿನ ಎಳೆ ತುಸು ಉದ್ದ ಇರಬೇಕು, ನಳಿಗೆ ನೆಟ್ಟಗೆ ಹೋಗದೆ ಕಡ್ಡಿಯನ್ನು ಬಳಸಿ ಬಳಸಿ ಹೋಗಬೇಕು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಕೇಬಲ್ಲನ್ನು ಹಿಡಿದು ಜಗ್ಗುತ್ತದೆ. ಆ ಜಗ್ಗಾಟವನ್ನೆಲ್ಲ ಕಡ್ಡಿ ಮತ್ತು ನಾರು ಹೊರಬೇಕು.

"ಜಗ್ಗೋರು ಹೊರಗಿಂದು ಜಗ್ಗಲಿ, ಒಳಗಿನ ಎಳಿಗೆ ಸುದ್ದಿನೇ ಗೊತ್ತಾಗಬಾರ್ದು. ಅಷ್ಟು ಸಡ್ಲ, ಢೀಲಾ ಇರಬೇಕು."

"ನಮ್ಮ ಮನ್ಯಾಗೂ ಸೊಸಿಗಿ ಭಾಳ ಢೀಲಾ ಬಿಟ್ಟೀವಿ," ಎಂದು ಅವ್ವ ಈಳಿಗೆ ಕಸಿದುಕೊಂಡಳು. ಆ ಸಂಜೆಯ ಬದನೆಕಾಯಿ ಪಲ್ಯ ನಾನೊಬ್ಬಳೇ ಬಿಟ್ಟೆ, ಉಳಿದವರು ಜೆಲ್ಲಿಯ ವಾಸನೆಯೊಂದಿಗೇ ತಿಂದರು.

ಇದೆಲ್ಲ ನಡೆದ ವರ್ಷವೇ ನನ್ನ ಸಾಖರಪುಡಾ ಆಯಿತು. ಹುಡುಗನ ಕಡೆಯವರು ಬಂದು ನನ್ನ ಉಡಿಗೆ ಸೀರೆ, ಕೈಗೆ ಸಕ್ಕರೆಯ ಪುಡಿಕೆ ಇಟ್ಟು, ಹುಡುಗಿ ಇನ್ನು ನಮ್ಮವಳು ಎಂದು ಹೇಳಿ ಊಟ ಮಾಡಿ ಹೋದರು. ಮುರುಮ ಎಂಬ ಊರಿನ ಮನೆತನ. ಹುಡುಗನ ಅಣ್ಣ ಗುತ್ತೇದಾರ. ದಾಳಿಂಬ ಎಂಬ ಹಳ್ಳಿಯಿಂದ ಮುರುಮದ ಕಬ್ಬಿನ ಹೊಲಗಳವರೆಗೆ ಕೇಬಲ್ ಹೂಳುವ ಕೆಲಸ ಹಿಡಿದವನು ಅವನೇ. ಹಾಗಾಗಿ ವೈನಿಗೆ ಕೆಲಸದಲ್ಲೂ ಬೀಗರು, ಮನೆಯಲ್ಲೂ ಬೀಗರು. ಎಲ್ಲರೂ ಇದನ್ನು ಯೋಗ ಎಂದರು.

ಕಬ್ಬು ಇದ್ದಲ್ಲಿ ಹೆಗ್ಗಣ ಇರುತ್ತದೆ. ಅದಕ್ಕೇ ಆ ದಾರಿಯಲ್ಲಿ ಸ್ಟೀಲ್ ಪಟ್ಟಿ ಸುತ್ತಿದ ಕೇಬಲ್ಲೇ ಹೂಳಬೇಕು ಎಂಬ ಕರಾರು. ವೈನಿ ಕೇಬಲ್ ಸುತ್ತಿದ ಡ್ರಮ್ಮಿನಿಂದ ತುಂಡು ಕತ್ತರಿಸಿ, ಪಟ್ಟಿ ನೋಡಿ, ಒಪ್ಪಿಗೆ ಕೊಟ್ಟಿದ್ದಳು. ಹೂಳಿ ಒಂದು ಸುಗ್ಗಿ ಕಳೆಯುವುದರೊಳಗೆ ದಾಳಿಂಬದ ಪಂಚಾಯಿತಿಯಲ್ಲಿ ಇಂಟರ್ನೆಟ್ ನಿಂತಿತು. ಬೆಳಕು ಎಲ್ಲಿ ತಡೆದು ವಾಪಸ್ ಬರುತ್ತದೆ ಎಂದು ಹೇಳುವ ಪುಟ್ಟ ಯಂತ್ರ ಅವಳ ಬಳಿ ಇತ್ತು. ನನಗೆ ಕಾಲೇಜು ರಜೆ. ನಾನು ಸ್ಕೂಟಿ ಹೊಡೆದೆ, ಅವಳು ಹಿಂದೆ ಕೂತು, ಅಲ್ಲ, ಅರ್ಧ ನಿಂತು, ದಾರಿ ಹೇಳಿದಳು. ಕಬ್ಬಿನ ಬದುವಿನ ಪಕ್ಕ ಆಳುಗಳು ಅಗೆದರು. ಹೆಗ್ಗಣ ಕಡಿದ ಜಾಗ ಸಿಕ್ಕಿತು, ಅಗೆತದಲ್ಲಿ ಗುದ್ದಲಿಗೆ ಸಿಕ್ಕ ಒಂದು ಹೆಗ್ಗಣವೂ ಸಿಕ್ಕಿತು. ಸ್ಟೀಲ್ ಪಟ್ಟಿ ಮಾತ್ರ ಸಿಗಲಿಲ್ಲ. ಕರಿಯ ತೊಗಲಿನ ಕೆಳಗೆ ನೇರ ನಾರು. ಅವಳಿಗೆ ತೋರಿಸಿದ ಡ್ರಮ್ಮು ಒಂದು, ನೆಲಕ್ಕೆ ಇಳಿದದ್ದು ಇನ್ನೊಂದು.

ವೈನಿ ಅಲ್ಲಿಯೇ, ಹೆಂಟೆಗಳ ಮೇಲೆ ಅತ್ತಿತ್ತ ತಿರುಗುತ್ತ, ಪುಣೆಯ ದೊಡ್ಡ ಸಾಹೇಬರಿಗೆ ಫೋನ್ ಹಚ್ಚಿದಳು. ಅವರು ಹಿಂದಿ ಸೀಮೆಯಿಂದ ಹೊಸದಾಗಿ ಬಂದವರು. ನಮ್ಮ ಕಡೆ ಮರಾಠಿಯಲ್ಲಿ ಹೆಗ್ಗಣಕ್ಕೆ ಘೂಸ ಅನ್ನುತ್ತಾರೆ, ನಮ್ಮ ಕನ್ನಡದಲ್ಲೂ ಅದೇ ಓಡುತ್ತದೆ. ಹಿಂದಿಯಲ್ಲಿ ಘೂಸ್ ಎಂದರೆ ಲಂಚ. ಅವಸರದಲ್ಲಿ ಯಾವ ಮಾತು ಯಾವ ಭಾಷೆಯದು ಎಂದು ನೋಡುವ ಹೆಂಗಸಲ್ಲ ಅವಳು.

"ಸಾಬ್, ಘೂಸ್ ಖಾಯೀ ಹೈ. ಪೂರಾ ಕೇಬಲ್ ಘೂಸ್ ಮೇಂ ಗಯಾ."

ಘೂಸ್ ತಿಂದಿದೆ, ಇಡೀ ಕೇಬಲ್ ಘೂಸಿಗೆ ಹೋಯಿತು ಎಂಬುದು ಸಾಹೇಬರ ಕಿವಿಗೆ ಬಿತ್ತು. ಎಷ್ಟು ಜನ ಇದ್ದಾರೆ ಎಂದು ಕೇಳಿದರು. ಫೋನು ಸ್ಪೀಕರಿನಲ್ಲಿತ್ತು, ನನಗೂ ಕೇಳಿಸುತ್ತಿತ್ತು.

"ಬಹುತ್ ಹೈ ಸಾಬ್! ಮುರುಮ ತಕ್ ಭರೇ ಪಡೇ ಹೈ."

ಮುರುಮದವರೆಗೂ ತುಂಬಿದ್ದಾರೆ ಎಂದು ತಿಳಿದ ಸಾಹೇಬರು, ಯಾರಾದರೂ ಸಿಕ್ಕಿಬಿದ್ದರೇ ಎಂದರು.

"ಏಕ್ ಇಧರೀಚ್ ಮರ್ಕೋ ಪಡಾ ಹೈ ಸಾಬ್."

ಅಲ್ಲೇ ಒಬ್ಬ ಸತ್ತು ಬಿದ್ದಿದ್ದಾನೆ ಎಂದು ತಿಳಿದು ಸಾಹೇಬರು ಗಾಬರಿಯಾಗಿ, ಏನೂ ಮುಟ್ಟಬೇಡಿ, ನಾನೇ ಬರುತ್ತೇನೆ ಎಂದರು. ಸ್ಟೀಲ್ ಪಟ್ಟಿಯ ಮಾತು ಬಾಯಿಗೆ ಬರುವಷ್ಟರಲ್ಲಿ ಸಿಗ್ನಲ್ ಹೋಯಿತು. "ಒಂದು ಹೆಗ್ಗಣದ ಸಲುವಾಗಿ ಪುಣೆದಿಂದ ಬರ್ತಾರಂತ, ಭಾಳ ಛಲೋ ಮನಷ್ಯಾ," ಎಂದಳು ವೈನಿ. ಸಾಹೇಬರು ಅದನ್ನು ಲಂಚ ಎಂದು ಕೇಳಿಸಿಕೊಂಡರೆಂದು, ಮನೆಗೆ ಬಂದು ಅಣ್ಣನಿಗೆ ಹೇಳಿದಾಗಲೇ ಅರ್ಥವಾದದ್ದು. ಅಣ್ಣ ಮೊದಲು ನಕ್ಕ, ಆಮೇಲೆ ಮುಖ ಕಪ್ಪಿಟ್ಟಿತು.

ಮರುದಿನವೇ ಗುತ್ತೇದಾರ ಮಿಠಾಯಿ ಡಬ್ಬಿ ಹಿಡಿದು ಬಂದ. ಅವನಿಗೆ ಪುಣೆಯಿಂದ ಸುದ್ದಿ ಮುಟ್ಟಿತ್ತು, ಮುಟ್ಟಿಸುವವರು ಅಲ್ಲಿ ಅವನಿಗೆ ಇದ್ದರು. ಪಟ್ಟಿ ಇಲ್ಲದ ಕೇಬಲ್ ಅಲ್ಲಿಯವರ ಕೈ ಬೆಚ್ಚಗೆ ಮಾಡದೆ ಸುಮ್ಮನೆ ನೆಲದೊಳಗೆ ಹೋಗಿರಲಿಲ್ಲವಲ್ಲ.

"ವೈನಿ, ಸಾಹೇಬ್ರು ಕೇಳಿದ್ರ ಚೂಹಾ, ಇಲಿ ಅಂತ ಬಿಡಿಸಿ ಹೇಳ್ರಿ, ಮುಗೀತು. ನಿಮ್ಮ ನಾದಿನಿ ನಾಳಿ ನಮ್ಮ ಮನಿಗೇ ಬರಾಕಿ."

ಅವನು ಹೋದ ಮೇಲೆ ಅಣ್ಣ ಹೇಳಿದ್ದೂ ಅದನ್ನೇ. "ಸುಳ್ಳು ಹೇಳಂತ ಯಾರು ಹೇಳ್ಲತ್ತಾರ? ಹೆಗ್ಗಣ ತಿಂದದ್ದು ಖರೇನೇ ಅದ. ಅಷ್ಟು ಹೇಳಿ ಸುಮ್ಮನಾಗು. ಇಲ್ಲಂದ್ರ ಈಕಿ ಲಗ್ನ ಮುರೀತದ."

ಅವನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು, ಅದೇ ನನಗೆ ಸಂಕಟ. ವೈನಿ ಅಂಗಳ ಸವೆಯುವ ಹಾಗೆ ತಿರುಗಿದಳು. ನನಗೆ ಒಳಗೆ ಕೂತರೂ ಆಗದು, ಹೊರಗೆ ನಿಂತರೂ ಆಗದು. ಹುಡುಗ ಫೋನ್ ಮಾಡಿದ. ಸಾಖರಪುಡಾ ಆದಮೇಲೆ ಅವನ ಮೊದಲ ಫೋನು. "ನಿಮ್ಮ ವೈನಿಗೆ ಬಾಯಿ ಮುಚ್ಚಕೊಂಡು ಇರು ಅಂತ ಹೇಳು," ಎಂದ. ಊಟ ಆಯಿತೇ ಅಂತಲೂ ಕೇಳಲಿಲ್ಲ.

ಸಾಹೇಬರು ತುರೋರಿಯ ಹೆದ್ದಾರಿ ಪಕ್ಕದ ಚಹದಂಗಡಿಗೆ ಬರುವವರಿದ್ದರು. ವೈನಿ ನನ್ನನ್ನೂ ಕರೆದುಕೊಂಡು ಹೊರಟಳು. ಚೀಲದಲ್ಲಿ ಎರಡು ಕೇಬಲ್ ತುಂಡು, ಒಂದು ಪಟ್ಟಿ ಇದ್ದದ್ದು, ಒಂದು ಇಲ್ಲದ್ದು. ಊರು ಇನ್ನೂ ಬರುವ ಮೊದಲೇ, ಲಾರಿಗಳು ಸಾಲುಗಟ್ಟಿದ ಕಡೆ ಗಾಡಿ ನಿಲ್ಲಿಸು ಎಂದಳು. ಇಳಿದು ನನ್ನ ಮುಂದೆ ಬಂದು ನಿಂತಳು. ತಿರುಗಾಡಲಿಲ್ಲ.

"ಲಗ್ನ ನಿಂದು. ನೀ ಹೇಳು. ಚೂಹಾ ಅಂದ್ರ ಕಡದ ಜಾಗಾ ಅಷ್ಟೇ ಕೂಡಿಸಿ ಮಣ್ಣು ಮುಚ್ಚತಾರ. ನಿನ್ನ ಲಗ್ನ ಆಗ್ತದ. ಲಂಚ ಅಂದ್ರ ಎಲ್ಲಾ ಅಗದು ಹೊಸಾದು ಹಾಕಬೇಕು, ಸಂಬಂಧ ಹೋಗ್ತದ. ಯಾವ ಘೂಸ ಅಂತ ಹೇಳ್ಲಿ?"

"ನಂಗ್ಯಾಕ ಕೇಳ್ತಿ? ಆ ಹುಡುಗ ಬೇಕೋ ಬ್ಯಾಡೋ ಅಂತಾನೂ ನನಗ ಯಾರೂ ಕೇಳಿಲ್ಲ."

"ನಾ ಕೇಳ್ಲತ್ತೀನಿ."

ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ಇತ್ತು. ವೈನಿಯ ಕಾಲು ನೆಲದ ಮೇಲೆ ಕುಣಿಯುತ್ತಿತ್ತು, ಆದರೂ ಅವಳು ಕಾದಳು. ಮೂರು ಸಲ ಕುದಿಯುವ ಚಹಕ್ಕೂ ಕಾಯದ ಹೆಂಗಸು, ನನ್ನ ಒಂದು ಮಾತಿಗೆ ಕಾದಳು. ನನಗೆ ಹೆದರಿಕೆಯಾಯಿತು. ಹೆದರಿಕೆಯ ಜೊತೆಗೇ ಏನೋ ಹಗುರವಾಯಿತು, ಅದೂ ಖರೆ.

"ಎರಡೂ ಖರೇ ಅದಾವಲ್ಲ ವೈನಿ. ಎರಡೂ ಅನ್ನು."

ಸಾಹೇಬರು ಚಹ ಮುಟ್ಟದೆ ಕೇಳಿದರು, ಯಾವ ಘೂಸ್, ಪ್ರಾಣಿಯೋ ಲಂಚವೋ ಎಂದು. ವೈನಿ ಎರಡೂ ತುಂಡುಗಳನ್ನು ಮೇಜಿನ ಮೇಲೆ ಇಟ್ಟಳು. "ದೋನೋ ಸಾಬ್," ಎಂದಳು. ಆಮೇಲೆ ಪಟ್ಟಿ ಇದ್ದದ್ದನ್ನೂ ಇಲ್ಲದ್ದನ್ನೂ ಪಕ್ಕಪಕ್ಕ ಸೀಳಿ ತೋರಿಸಿದಳು.

ಮಳೆಗೆ ಮೊದಲು ಆ ದಾರಿಯನ್ನೆಲ್ಲ ಅಗೆದು ಬೇರೆ ಕೇಬಲ್ ಹೂಳಿದರು. ಮುರುಮದವರು ಸಂಬಂಧ ಮುರಿದರು. ನಾನು ಅತ್ತುಬಿಟ್ಟೆ. ಹುಡುಗನಿಗಾಗಿ ಅಲ್ಲ, ಉಮರ್ಗಾದ ಪೇಟೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅದಕ್ಕೆ. ಏಜೆನ್ಸಿಯವರು ವೈನಿಯನ್ನು ಮುಂದೆ ಕರೆಯಲಿಲ್ಲ. ಅವಳು ಉದಗೀರಿನಲ್ಲಿ ಬೇರೆ ಕೆಲಸ ಹಿಡಿದು, ದಿನಾಲು ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದಳು. ಸೀಟು ಖಾಲಿ ಇದ್ದರೂ ನಿಲ್ಲುತ್ತಿದ್ದಳೆಂದು ಕಂಡಕ್ಟರೇ ಹೇಳಿದ.

ಎರಡೂ ಅನ್ನು ಅಂದವಳು ನಾನು ಎಂದು ಮನೆಯಲ್ಲಿ ಅವತ್ತೇ ಕಿರುಚಿ ಹೇಳಿದೆ. ಯಾರೂ ನಂಬಲಿಲ್ಲ. "ವೈನಿ ಕಲಿಸಿದ ಮಾತು," ಎಂದಳು ಅವ್ವ. ವೈನಿಯೂ ನನ್ನ ಮೇಲೆಯೇ ರೇಗಿದಳು. "ಯಾಕ ಹೇಳ್ಲಿಕ್ಕ ಹೋದಿ? ಬೈಗಳ ನನಗ ರೂಢಿ ಅದ." ಅಣ್ಣ ಅವಳೊಂದಿಗೆ ಮಾತು ಬಿಟ್ಟ. ಶ್ರಾವಣ ಬರುವಷ್ಟರಲ್ಲಿ ತಾನೇ ಸೋತು, ಉಪ್ಪು ಎಲ್ಲಿದೆ ಎಂದು ಕೇಳುವ ನೆವದಲ್ಲಿ ಮಾತು ಹಚ್ಚಿದ.

ಜ್ವರ ಏರಿ ಉದಗೀರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ವೈನಿ ಅವ್ವನ ಸೆರಗು ಹಿಡಿದು ಹೇಳಿದ್ದಳಂತೆ: "ಅತ್ತಿ, ಆಕಿಗಿ ಕೇಳದೆ ಯಾರಿಗೂ ಮಾತು ಕೊಡಬ್ಯಾಡ್ರಿ." ಅವ್ವ ಇದನ್ನು ನನಗೆ ಹೇಳಿದ್ದು ಬಹಳ ದಿನಗಳ ಮೇಲೆ, ನಿಲಂಗಾದಿಂದ ಒಂದು ಸ್ಥಳ ಬಂದಾಗ. ನಮ್ಮ ಕಡೆ ವರನನ್ನು ಸ್ಥಳ ಅನ್ನುತ್ತೇವೆ. ಬಂದವರಿಗೆ ಚಹ ಕೊಟ್ಟು, ಅವರನ್ನು ಹೊರಗೆ ಕೂಡಿಸಿ, ಅವ್ವ ಒಳಗೆ ಬಂದಳು. ತನ್ನ ಜೀವನದಲ್ಲಿ ಯಾರೂ ತನಗೆ ಕೇಳದಿದ್ದ ಮಾತನ್ನು ಕೇಳುವುದು ಅವಳಿಗೆ ಗೊತ್ತಿರಲಿಲ್ಲ. ಸೆರಗಿನ ತುದಿ ಸುತ್ತಿ ಸುತ್ತಿ, ನನ್ನ ಮುಖ ನೋಡದೆ ಕೇಳಿದಳು.

"ನಿನಗ ಒಪ್ಪಿಗಿ ಅದ ಏನವಾ?"

"ಇಲ್ಲವಾ," ಎಂದೆ.

ಅವ್ವ ಸೆರಗಿನ ತುದಿ ಬಿಟ್ಟಳು. ಗೋಡೆಯ ಮೇಲಿನ ವೈನಿಯ ಫೋಟೊ ಮುಂದೆ ಹೋಗಿ ನಿಂತು, ಹೊರಗಿನವರಿಗೆ ಕೇಳಿಸದಂತೆ ಮೆಲ್ಲಗೆ ಬೈದಳು: "ಕೇಳಿದ್ನೆವಾ. ನೋಡು, ಒಲ್ಲೆ ಅಂದಳು. ಈಗ ಹೊರಗ ಹೋಗಿ ಅವರಿಗಿ ಯಾರು ಹೇಳಬೇಕು, ನೀ ಬರ್ತಿ ಏನ?"