ಅಕ್ಕನ ಹೆಚ್ಚುವರಿ ಎಲುಬು

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ, ಸದಾಶಿವ ಪೇಠದ ಎಕ್ಸ್‌ರೇ ಕೇಂದ್ರ. ಹಾಜರಿದ್ದವರು: ನಾನು, ನನ್ನ ಅಕ್ಕ, ಎಕ್ಸ್‌ರೇ ತೆಗೆಯುವ, ಕನ್ನಡ ಬಲ್ಲ ಸೊಲ್ಲಾಪುರದ ಹುಡುಗಿ.

ಮರುದಿನ ಅಕ್ಕನ ಮೊಣಕಾಲಿನ ಆಪರೇಷನ್. ಎದೆಯ ಎಕ್ಸ್‌ರೇ ಸರಿಯಾಗಿ ಬಂದು ಮಧ್ಯಾಹ್ನದೊಳಗೆ ಆಸ್ಪತ್ರೆಗೆ ಮುಟ್ಟದಿದ್ದರೆ ಸರದಿ ಮುಂದಿನ ತಿಂಗಳಿಗೆ ಹೋಗುತ್ತಿತ್ತು. ಅಕ್ಕ ಆಗಲೇ ಗೋಡೆ ಹಿಡಿದು ನಡೆಯುತ್ತಿದ್ದಳು.

ಎದೆಯ ಮೇಲೆ ಲೋಹದ್ದೇನೂ ಇರಬಾರದೆಂದು ಹುಡುಗಿ ಹೇಳಿದಳು. ಅಕ್ಕ ಸರ ಬಿಚ್ಚಿ ನನ್ನ ಕೈಗಿತ್ತು ಒಳಗೆ ಹೋದಳು.

ಚಿತ್ರ ಕಂಪ್ಯೂಟರಿಗೆ ಬಂತು. ಅಲ್ಲಿ ಹೊಸದೊಂದು ಪ್ರೋಗ್ರಾಮ್ ಇದೆ. ಎದೆಗೂಡಿನ ಎಲುಬುಗಳನ್ನು ತಾನೇ ಗುರುತಿಸಿ ಒಂದೊಂದಕ್ಕೂ ಬೇರೆ ಬಣ್ಣ ಬಳಿಯುತ್ತದೆ. ಆಮೇಲೆ ಅವನ್ನು ಅಳಿಸಿ ಶ್ವಾಸಕೋಶವನ್ನಷ್ಟೇ ತೋರಿಸುತ್ತದೆ. ಹಾಸ್ಟೆಲ್ ವಾರ್ಡನ್ ಆಗಿದ್ದ ನನಗೆ ಆ ಶಿಸ್ತು ಹಿಡಿಸಿತು. ಪಕ್ಕೆಲುಬುಗಳು ಪ್ರಾರ್ಥನೆಗೆ ನಿಂತ ಹುಡುಗಿಯರಂತೆ ಸಾಲಾಗಿದ್ದವು. ನಡುವೆ ಗುಂಡನೆಯದೊಂದು ಎಲುಬು ಹಸಿರು ಬಣ್ಣದಲ್ಲಿ ಕೂತಿತ್ತು.

ನೋಡಿದೊಡನೆ ಗುರುತು ಸಿಕ್ಕಿತು. ಅದು ಅಕ್ಕ ಇಷ್ಟಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ.

"ಎದೀ ಮ್ಯಾಲ ಬ್ಯಾಡ ಅಂದ್ರಿ, ಬೆನ್ನಿಗೆ ಸರಿಸೀನಿ," ಎಂದಳು ಅಕ್ಕ. "ಹಿಂದ ಇದ್ದದ್ದು ಮುಂದ ಹ್ಯಾಂಗ ಕಾಣ್ತದ?"

ಎಕ್ಸ್‌ರೇಗೆ ಹಿಂದು ಮುಂದು ಇಲ್ಲ, ಯಂತ್ರ ಅದನ್ನೂ ಎಲುಬೆಂದು ತಿಳಿದಿದೆ, ತೆಗೆಯಲೇಬೇಕು ಎಂದು ಹುಡುಗಿ ವಿವರಿಸಿದಳು. ಅಕ್ಕನ ಮುಖ ಅರಳಿತು. ಹುಡುಗಿಯ ಕಡೆ ತಿರುಗಿದಳು.

"ಯಂತ್ರಕ್ಕರೆ ತಿಳೀತು ನೋಡು ತಂಗಿ. ಮೈಯಾಗಿನ ಎಲುಬು ಯಾರರೆ ತಗದು ಕೊಡ್ತಾರೇನು?"

"ಕೊಡಬ್ಯಾಡ. ಮುಂದಿನ ತಿಂಗಳತನಕ ಗೋಡಿ ಹಿಡಕೊಂಡು ಅಡ್ಡಾಡು," ಎಂದೆ.

ಅಕ್ಕ ಮೊಣಕಾಲು ನೋಡಿಕೊಂಡಳು. ಕರಡಿಗೆ ಮೈ ಬಿಡಬಾರದು, ಎದೆಯ ಚಿತ್ರದಲ್ಲೂ ಬೀಳಬಾರದು. ನೆತ್ತಿಯ ಮೇಲೆ ಕಟ್ಟಿಕೊಳ್ಳುತ್ತೇನೆಂದಳು. ಕಟ್ಟಿದೆವು. ಗದ್ದ ಎತ್ತಿ ಉಸಿರು ಹಿಡಿಯುವಷ್ಟರಲ್ಲಿ ಅದು ಜಾರಿ ಮೂಗಿನ ಮೇಲೆ ಕೂತಿತು. ಹುಡುಗಿ ಬೆನ್ನು ತಿರುಗಿಸಿ ನಕ್ಕಳು. ಕೊನೆಗೆ ನನ್ನ ಕರವಸ್ತ್ರದಿಂದ ಅದನ್ನು ಅಕ್ಕನ ಮಣಿಕಟ್ಟಿಗೆ ಬಿಗಿದು, ಆ ಕೈಯನ್ನು ಸೊಂಟದ ಮೇಲೆ ಇರಿಸಿದೆ.

ಎರಡನೆಯ ಚಿತ್ರದಲ್ಲಿ ಎಲ್ಲ ಎಲುಬುಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ರಿಕ್ಷಾ ಹಿಡಿದು ಆಸ್ಪತ್ರೆಗೆ ಮುಟ್ಟಿದೆವು. ಡಾಕ್ಟರು ನೋಡಿ, ಆಪರೇಷನ್ ನಾಳೆಯೇ ಎಂದರು.

ಸಂಜೆ ವಾರ್ಡಿನಲ್ಲಿ ಪಕ್ಕದ ಮಂಚದ ಮುದುಕಿಗೆ ಅಕ್ಕ ಮರಾಠಿಯಲ್ಲಿ ತನ್ನ ಹೆಚ್ಚುವರಿ ಎಲುಬಿನ ಕತೆ ಹೇಳಿದಳು. ಅದನ್ನು ಕೂಡಿಸಿದ ಡಾಕ್ಟರು ಯಾರೆಂದು ಆಕೆ ಕೇಳಿದಳು. ಅಕ್ಕ ಕರಡಿಗೆಯನ್ನು ಎತ್ತಿ ತೋರಿಸುತ್ತಿರುವಾಗ ನಾನು ಅವಳ ಸೀರೆ ಮಡಚಿ ಚೀಲದಲ್ಲಿಟ್ಟೆ, ಚಪ್ಪಲಿಗಳನ್ನು ಮಂಚದ ಕೆಳಗೆ ಜೋಡಿಸಿದೆ.